2012ರ ಅವೆಂಜರ್ ಬೈಕ್‌ನ ಹಳೇ ಕಾಲದ ಬಾಬರ್ ಮಾಡಸ್ಬೇಕಂತೀನಿ, 80 ಸಾವಿರ ಕೇಳ್ಲಾಕತ್ತಾರ, ಏನ್ ಮಾಡ್ಲಿ?

ಸೇಡಂ ರೋಡ್ ಸವಾರ:
ಶರಣ್ರಿ ಎಲ್ಲರಿಗೂ. ನನ್ನ ಹತ್ರ 2012ರ ಬಜಾಜ್ ಅವೆಂಜರ್ 220 ಬೈಕ್ ಅದ. ನಮ್ಮ ಕಾಕಾಂದು, ಮಣಕಾಲ್ ತ್ರಾಸ ಶುರುವಾದ ಮ್ಯಾಲ ಅವರು ಸ್ಕೂಟಿ ತಗೊಂಡು ಇದು ನನಗ ಕೊಟ್ಟಾರ. 61 ಸಾವಿರ ಕಿಲೋಮೀಟರ್ ಓಡ್ಯಾದ, ಎಂಜಿನ್ ಇನ್ನೂ ಗಟ್ಟಿ, ಹೊಗಿ ಗಿಗಿ ಏನಿಲ್ಲ. ಆದ್ರ ಎರಡ್ ಮಳಿಗಾಲ ಅಂಗಳದಾಗ ಹಂಗೇ ನಿಲ್ಲಿಸಿದ್ವಿ, ಕ್ರೋಮ್ ಎಲ್ಲಾ ತುಕ್ಕು ಹಿಡದದ, ಸೀಟ್ ಬೆಕ್ಕು ಹರದದ, ಹಿಂದಿನ ಬ್ಯಾಕ್‌ರೆಸ್ಟ್ ಮುದುಕರ ಹಲ್ಲಿನಂಗ ಅಲ್ಲಾಡ್ತದ. ಹೆಂಗೂ ರೊಕ್ಕ ಹಾಕೋದೇ ಅದ, ಹಾಕೋದಾದ್ರ ಹಳೇ ಕಾಲದ ಬಾಬರ್ ಸ್ಟೈಲ್ ಬೈಕ್ ಮಾಡಸ್ಬೇಕಂತ ಭಾಳ ದಿನದ ಆಸೆ ನಂದು.

ಇಲ್ಲೇ ಊರಾಗ ಒಂದ್ ಕಡಿ ಕೇಳ್ದೆ. ಹಿಂದಿನ ಶಾಕಪ್ ತೆಗದು ಚೆಸ್ಸಿಗಿ ಸೀದಾ ಪೈಪ್ ವೆಲ್ಡ್ ಮಾಡ್ತಾರಂತ, ಹಾರ್ಡ್‌ಟೇಲ್ ಅಂತ ಹೇಳ್ದ. ತಲಿ ಮಟ ಬರೋ ಏಪ್ ಹ್ಯಾಂಗರ್ ಹ್ಯಾಂಡಲ್, ಮುಂದನೂ ಹಿಂದಿನ ಸೈಜಿನ 130 ಮಿಲಿಮೀಟರ್ ಅಗಲದ ಟೈರು, ತಲಿಬುರುಡಿ ಟೇಲ್ ಲೈಟು, ಸೈಲೆನ್ಸರಿಗಿ ಬ್ಯಾಂಡೇಜ್ ಸುತ್ತಿದಂಗ ಬಟ್ಟಿ, ಪೂರಾ ಮ್ಯಾಟ್ ಬ್ಲ್ಯಾಕ್. ಎಲ್ಲಾ ಸೇರಿ 80 ಸಾವಿರ, ಒಂದೂವರಿ ತಿಂಗಳು. ಗಾಡಿ ಹಿಂಗೇ ಮಾರಿದ್ರ 35 ಬಂದ್ರ ದೊಡ್ಡ ಮಾತು. ಅಪ್ಪಗ ಹೇಳಿದ್ರ "ಚೊಲೋ ಇದ್ದ ಗಾಡಿ ರೊಕ್ಕ ಕೊಟ್ಟು ಮುರಸ್ತೀಯೇನ್" ಅಂತಾರ. ಯಾರರ ಮಾಡಿಸಿದವರು ಇದ್ರ ಖರೇ ಖರೇ ಹೇಳ್ರಿ.

ತಹರಿ ಪ್ಲೇಟ್:
ಬಾಬರೋ ಬಾರ್ಬರೋ? 80 ಸಾವಿರ ಕಟಿಂಗ್ ಅಂದ್ರ ಜರಾ ಜಾಸ್ತಿ ಆಯ್ತು ಬಿಡ್ರಿ 😂

ಹಳೇ ಪಿಸ್ಟನ್:
ತಹರಿ, ನೀ ನಗ್ಲಾಕ ಹೇಳ್ದಿ, ಆದ್ರ ಅದೇ ಖರೇ. ಹೆಣ್ಮಕ್ಕಳ ಬಾಬ್ ಕಟ್ ಅಂತೀವಲ್ಲ, ಅದೇ ಬಾಬ್. ಹಿಂದಿನ ಮಡ್‌ಗಾರ್ಡ್ ಮೋಟು ಮಾಡಿ ಕತ್ತರಿಸೋದು, ಕುದುರಿ ಬಾಲ ಕತ್ತರಿಸಿದಂಗ. ಅಮೆರಿಕಾದಾಗ 1930ರ ಸುಮಾರಿಗೇ ರೇಸ್ ಹುಡುಗ್ರು ಮುಂದಿನ ಮಡ್‌ಗಾರ್ಡ್ ತೆಗದು ಗಾಡಿ ಹಗುರ ಮಾಡ್ಲಾಕ ಶುರು ಮಾಡಿದ್ರು. ಎರಡ್ನೇ ಮಹಾಯುದ್ಧ ಮುಗದು ಸಿಪಾಯಿಗಳು ಮನಿಗಿ ಬಂದ ಮ್ಯಾಲ ಅದು ಜೋರಾಯ್ತು. ಮಿಲಿಟ್ರಿಯವರು ಮಾರಿದ ಹಾರ್ಲೆ ಡಬ್ಲ್ಯುಎಲ್ಎ 750 ಸಿಸಿ ಗಾಡಿ ಅಗ್ಗದಾಗ ಸಿಗ್ತಿದ್ವು, ಅವು ಭಾರ ಗಾಡಿ, ಕೈಯಾಗ ರೊಕ್ಕ ಇಲ್ಲ, ಬ್ಯಾಡಾದ್ದು ಬಿಚ್ಚಿ ಒಗದ್ರು. ಇಷ್ಟೇ ಬಾಬರ್.

ಈಗ ತಮ್ಮಾ, ನಿನ್ನ ಲಿಸ್ಟ್ ನೋಡು. ಏಪ್ ಹ್ಯಾಂಗರ್ ಹಾಕ್ತಾರ, ತಲಿಬುರುಡಿ ಹಾಕ್ತಾರ, ಬಟ್ಟಿ ಸುತ್ತತಾರ. ಎಲ್ಲಾ ಹಾಕೋದೇ ಅದ, ತೆಗಿಯೋದು ಎಲ್ಲಿ? ಅದು ಚಾಪರ್, 1960ರ ಸುಮಾರಿಗಿ ಜೋರಾದ ಶೋಕಿ. ಅದರಾಗ ಚೆಸ್ಸಿ ಕತ್ತರಿಸಿ ಮುಂದಿನ ಫೋರ್ಕ್ ಉದ್ದ ಮಾಡ್ತಾರ. ಬಾಬರ್‌ದಾಗ ಚೆಸ್ಸಿ ಮುಟ್ಟೋದೇ ಇಲ್ಲ.

ಜಯನಗರ ಜಾವಾ:
ಗುರು ಯಾಕ್ ಇಷ್ಟೆಲ್ಲಾ ತಲೆನೋವು, ಕಂಪನಿಯವರೇ ಬಾಬರ್ ಮಾಡಿ ಕೊಡ್ತಿದಾರಲ್ಲ. ಜಾವಾ ಪೆರಾಕ್ 2019ರಿಂದ ಇದೆ, ಆಮೇಲೆ 42 ಬಾಬರ್ ಬಂತು, 2024ರಲ್ಲಿ ಎನ್‌ಫೀಲ್ಡ್‌ನವರು ಗೋವನ್ ಕ್ಲಾಸಿಕ್ 350 ಬಿಟ್ರು, ಬಿಳಿ ಪಟ್ಟಿ ಟೈರು, ಒಂಟಿ ಸೀಟು, ಎಲ್ಲಾ ರೆಡಿ. ಆ 80 ಸಾವಿರ ಡೌನ್ ಪೇಮೆಂಟ್ ಕಟ್ಟಿಬಿಡಿ, ಆರ್‌ಟಿಓ ಕಿರಿಕ್ಕೂ ಇರಲ್ಲ.

ಸೇಡಂ ರೋಡ್ ಸವಾರ:
ಅಣ್ಣಾ, ಎರಡ್ ಲಕ್ಷದ ಗಾಡಿ ತಗೊಳ್ಳೋ ತಾಕತ್ ಇದ್ರ ಇಲ್ಲಿ ಯಾಕ ಕೇಳ್ತಿದ್ದೆ. ಮತ್ತ ಇದು ಕಾಕಾನ ಗಾಡಿ, ನಾ ಗೇರ್ ಹಾಕ್ಲಾಕ ಕಲ್ತಿದ್ದು ಇದರ ಮ್ಯಾಲೇ.

ತಹರಿ ಪ್ಲೇಟ್:
ಜಯನಗರದವರು ಇಎಂಐ ಬಿಟ್ಟು ಬ್ಯಾರೆ ಏನೂ ಹೇಳಂಗಿಲ್ಲ.

ಜಯನಗರ ಜಾವಾ:
ಹಹಾ, ಸರಿ ಸರಿ. ನಂದೂ ಇನ್ನೂ 14 ಕಂತು ಬಾಕಿ ಇದೆ, ಹೊಟ್ಟೆ ಉರಿಗೆ ಹೇಳ್ದೆ ಅನ್ಕೊಳ್ಳಿ.

ಕೋಟಿ ಹುಡುಗ ಕೆಎ-38:
ಬೀದರದಿಂದ ಹೇಳ್ಲಾಕತ್ತೀನಿ. ಹಾರ್ಡ್‌ಟೇಲ್ ಮಾತ್ರ ಮಾಡಸ್ಬ್ಯಾಡ್ರಿ, ಕೈ ಮುಗಿತೀನಿ. ನಮ್ಮ ಗೆಳೆಯ ಒಬ್ಬಾಂವ ಹಳೇ ಥಂಡರ್‌ಬರ್ಡ್‌ಗಿ ಹಂಗ ಮಾಡಿಸಿದ್ದ. ಮೊದಲ್ನೇ ವಾರ ಮಸ್ತ್ ಕಾಣ್ಲಾಕತ್ತಿತ್ತು, ಎಲ್ಲರೂ ಫೋಟೋ ತಗೊಂಡ್ರು. ಎರಡ್ನೇ ವಾರ ಬೆನ್ನು ಹಿಡ್ಕೊಂಡು ಬಂದ. ತಿಂಗಳಾದ ಮ್ಯಾಲ ಹಿಂದಿನ ಗಾಲಿದಾಗ ನಾಕ್ ಸ್ಪೋಕ್ ಮುರದ್ವು, ವೆಲ್ಡಿಂಗ್ ಮಾಡಿದ ಕಡಿ ಕೂದಲ್ ಎಳಿಯಷ್ಟು ಬಿರುಕು ಬಿಟ್ಟಿತ್ತು. ಪುಣ್ಯಾಕ್ಕ ತೊಳಿಯುವಾಗ ಕಂಡದ. ಹುಮನಾಬಾದ್ ರೋಡಿನ ಮ್ಯಾಲ 80ರಾಗ ಇದ್ದಾಗ ಬಿಟ್ಟಿದ್ರ ನಾವು ಇಲ್ಲಿ ನಗ್ತಾ ಕೂಡ್ತಿದ್ದಿಲ್ಲ. ವೆಲ್ಡ್ ಮಾಡುವಾಗ ಪೈಪು ಕಾದು ಒಂದೀಟು ಎಳಕೊಳ್ತದ್ರಿ, ಜಿಗ್ (ಚೆಸ್ಸಿ ಅಲುಗಾಡದಂಗ ಹಿಡಿಯೋ ಚೌಕಟ್ಟು) ಕಟ್ಟಿ ಮಾಡ್ಲಿಲ್ಲ ಅಂದ್ರ ಹಿಂದಿನ ಗಾಲಿ ಮುಂದಿನ ಗಾಲಿ ಒಂದೇ ಗೆರಿಮ್ಯಾಲ ಇರಂಗಿಲ್ಲ. ಊರಾಗ ಜಿಗ್ ಇಟ್ಟವರು ಯಾರು ಹಾರ ಹೇಳ್ರಿ.

ಹಳೇ ಪಿಸ್ಟನ್:
ಇದಕ್ಕ ಒಂದು ಮಾತು ಸೇರಿಸ್ತೀನಿ, ಯಾಕಂದ್ರ ಎಲ್ಲರೂ ಇಲ್ಲೇ ಯಾಮಾರ್ತಾರ. ಆ ಕಾಲದ ಹುಡುಗ್ರು ಶಾಕಪ್ ತೆಗದಿಲ್ಲ. ತೆಗಿಲಾಕ ಇರಲೇ ಇಲ್ಲ! ಹಾರ್ಲೆದವರ ದೊಡ್ಡ ಗಾಡಿಗಿ ಹಿಂದ ಶಾಕಪ್ ಬಂದಿದ್ದೇ 1958ರಾಗ, ಡ್ಯುಯೋ ಗ್ಲೈಡ್ ಜೊತಿಗಿ. ಅದಕ್ಕ ಮೊದಲು ಸೀಟಿನ ಕೆಳಗ ಸ್ಪ್ರಿಂಗು, ದಪ್ಪ 16 ಇಂಚಿನ ಟೈರು, ಇಷ್ಟರ ಮ್ಯಾಲೇ ಜೀವನ. ಅವರಿಗಿ ಶಾಕಪ್ ಸಿಕ್ಕಿದ್ರ ಓಡಿ ಬಂದು ಹಾಕ್ಕೊಳ್ತಿದ್ರು. 1984ರಾಗ ಅದೇ ಕಂಪನಿ ಶಾಕಪ್ ಕೆಳಗ ಬಚ್ಚಿಟ್ಟು, ಹಾರ್ಡ್‌ಟೇಲ್ ಕಂಡಂಗ ಕಾಣೋ ಸಾಫ್ಟೇಲ್ ಬಿಡ್ತು. ಮಾಡಿದವರಿಗೇ ಬೆನ್ನು ನೋವು ಗೊತ್ತಿತ್ತು ಅಂದಂಗಾಯ್ತು. ನಮ್ಮ ಊರಾಗ ಗಲ್ಲಿಗಿ ಎರಡು ಸ್ಪೀಡ್ ಬ್ರೇಕರ್, ನೀವು ಯಾಕ ಹಾರ್ಡ್‌ಟೇಲ್ ಅಂತೀರಿ.

ಕಾಯ್ದೆ ಕಾಕಾ:
ಎಲ್ಲರೂ ವೆಲ್ಡಿಂಗ್ ಮಾತಾಡ್ಲಾಕತ್ತೀರಿ, ಕಾಯ್ದೆ ಯಾರೂ ಮಾತಾಡವಲ್ರು. ಮೋಟಾರು ವಾಹನ ಕಾಯ್ದೆ 1988, ಕಲಂ 52. ಆರ್‌ಸಿದಾಗ ಬರದ ವಿವರ ಕಂಪನಿ ಮೊದಲು ಕೊಟ್ಟ ವಿವರಕ್ಕಿಂತ ಬ್ಯಾರೆ ಆಗೋ ಹಂಗ ಗಾಡಿ ಬದಲು ಮಾಡ್ಲಾಕ ಬರಂಗಿಲ್ಲ. 2019ರ ಜನವರಿದಾಗ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳ್ಯಾದ. ಅದೇ ವರ್ಷದ ತಿದ್ದುಪಡಿದಾಗ 182ಎ ಬಂತು, ಮಾಲಕ ಒಂದೊಂದು ಬದಲಾವಣಿಗಿ 5,000 ದಂಡ, ಇಲ್ಲಾ ಆರು ತಿಂಗಳ ತನಕ ಜೈಲು, ಇಲ್ಲಾ ಎರಡೂ. ಒಂದೊಂದಕ್ಕ ಅನ್ನೋದು ಲಕ್ಷ್ಯ ಇಡ್ರಿ. ಸವಾರನ ಲಿಸ್ಟಿನಾಗ ಆರು ಐಟಂ ಅವ, ಲೆಕ್ಕ ನೀವೇ ಹಾಕ್ರಿ. ಚೆಸ್ಸಿ ಕತ್ತರಿಸಿದ ಗಾಡಿ ಅಪಘಾತ ಆದ್ರ ಇನ್ಶೂರೆನ್ಸ್‌ದವರು ಏನಂತಾರ ಅನ್ನೋದು ಬ್ಯಾರೆ ಮಾತು. ಕಲರ್ ಬದಲು ಮಾಡಿದ್ರೂ ಆರ್‌ಟಿಓಕ್ಕ ಹೋಗಿ ಆರ್‌ಸಿದಾಗ ಬರಸ್ಬೇಕು.

ಸುರಪುರ್ ಹುಡುಗ:
ಕಾಕಾ, ನಾ ನಾಕ್ ವರ್ಷ ಆಯ್ತು ಮಡ್‌ಗಾರ್ಡ್ ಇಲ್ದೆ ಓಡ್ಯಾಡ್ಲಾಕತ್ತು, ಯಾರೂ ಹಿಡದಿಲ್ಲ. ಖಾಲಿಪೀಲಿ ಹೆದರಸ್ಬ್ಯಾಡ್ರಿ.

ಕಾಯ್ದೆ ಕಾಕಾ:
ಹಿಡದಿಲ್ಲ ಅಂದ್ರ ಕಾಯ್ದೆ ಇಲ್ಲ ಅಂತಲ್ಲ ತಮ್ಮಾ. ಭಾವಿ ಕಟ್ಟಿ ಮ್ಯಾಲ ನಾಕ್ ವರ್ಷ ನಡದಾಂವ ಬಿದ್ದಿಲ್ಲ ಅಂತ ಎಲ್ಲರಿಗೂ ನಡೀರಿ ಅಂತ ಹೇಳ್ತಾನೇನು.

ಸುರಪುರ್ ಹುಡುಗ:
ಹಂಗಂದ್ರ ಬಲ್ಬ್ ಬದಲು ಮಾಡಿದ್ರೂ ಜೈಲೇನ್ರಿ? ಹ್ಯಾಂಡಲ್, ಸೀಟು, ಕನ್ನಡಿ ಇವೆಲ್ಲಾ ಅಂಗಡ್ಯಾಗ ರಾಜಾರೋಷ ಮಾರ್ತಾರ.

ಕಾಯ್ದೆ ಕಾಕಾ:
ಮಾರೋದು ಬ್ಯಾರೆ, ಹಾಕೋದು ಬ್ಯಾರೆ. ಬೋಲ್ಟ್ ಬಿಚ್ಚಿದ್ರ ವಾಪಸ್ ಮೊದಲಿನಂಗ ಆಗೋ ಕೆಲಸಕ್ಕೂ, ಗ್ಯಾಸ್ ಕಟರ್ ಹಿಡದು ಚೆಸ್ಸಿ ಕತ್ತರಿಸೋದಕ್ಕೂ ಅಜಗಜಾಂತರ ಅದ, ಅಷ್ಟು ಒಪ್ಪತೀನಿ. ಇನ್ನೊಂದು ಮಾತು ಸವಾರಗ. ನಿಮ್ಮ ಗಾಡಿ 2012ಂದು, 2027ಕ್ಕ 15 ವರ್ಷ ತುಂಬ್ತದ. ಆರ್‌ಸಿ ರಿನ್ಯೂವಲ್ಲಿಗಿ ಗಾಡಿ ಒಯ್ದು ತೋರಸ್ಬೇಕು. ಅವಾಗ ಹಾರ್ಡ್‌ಟೇಲ್ ನಿಲ್ಲಿಸಿ ನಗ್ತೀರೇನು? ಏನ್ ಬಿಚ್ಚಿದ್ರೂ ಹಳೇ ಸಾಮಾನು ಒಂದೂ ಗುಜರಿಗಿ ಹಾಕ್ಬ್ಯಾಡ್ರಿ.

ಯಾದಗಿರಿ ಅಕ್ಕ:
ನಾನೂ ಅವೆಂಜರ್ ಓಡಸ್ತೀನಿ, ಸೀಟ್ ತಗ್ಗು ಅದ ಅಂತ ತಗೊಂಡಿದ್ದು, ಎರಡೂ ಕಾಲ್ ಪೂರಾ ನೆಲಕ್ಕ ಹತ್ತತಾವ. ಸೀರಿ ಗಾರ್ಡ್ ಬಗ್ಗೆ ಯಾರೂ ಹೇಳ್ಲಿಲ್ಲ. ಬಾಬರ್ ಮಾಡವರು ಮೊದಲು ಕಿತ್ತು ಒಗಿಯೋದೇ ಅದು. ಕೇಂದ್ರ ಮೋಟಾರು ವಾಹನ ನಿಯಮ 123ರಾಗ ಬರದದ, ಹಿಂದ ಕೂಡವರಿಗಿ ಹಿಡಿಕಿ ಇರ್ಬೇಕು, ಕಾಲ್ ಇಡ್ಲಾಕ ಇರ್ಬೇಕು, ಹಿಂದಿನ ಗಾಲಿ ಕಮ್ತಿ ಅಂದ್ರೂ ಅರ್ಧ ಮುಚ್ಚೋ ಗಾರ್ಡ್ ಇರ್ಬೇಕು. ಕಾಯ್ದೆ ಬಿಡ್ರಿ, ನಮ್ಮ ಅತ್ತಿ ಸೆರಗು ಒಮ್ಮೆ ಗಾಲಿಗಿ ಸಿಕ್ಕಿತ್ತು, ಶಹಾಪುರ ರೋಡಿನಾಗ, ಮೈದುನ ಯಾವನೋ ಹೇಳ್ದಾ ಅಂತ ಗಾರ್ಡ್ ತೆಗಿಸಿದ್ದ. ಗಾಡಿ ನಿಧಾನ ಇತ್ತು, ಅಂತ ಉಳದ್ರು. ಸೆರಗು ಹರದು ಕೈಗಿ ಬಂತು, ಕೊಳ್ಳಾಗ ಕೆಂಪು ಗೆರಿ ಎಂಟ್ ದಿನ ಇತ್ತು. ನಿಮ್ಮ ಮನ್ಯಾಗ ಹೆಣ್ಮಕ್ಕಳು ಹಿಂದ ಕೂಡೋದು ಇದ್ರ ಸ್ಟೈಲ್ ಹಾಳಾಗ್ಲಿ, ಗಾರ್ಡ್ ಇರ್ಲಿ.

ಮತ್ತ ಹ್ಯಾಂಡಲ್. ಏಪ್ ಹ್ಯಾಂಗರ್ ಹಾಕಿದ್ರ ಕ್ಲಚ್ ಕೇಬಲ್, ಎಕ್ಸಿಲೇಟರ್ ಕೇಬಲ್, ಮುಂದಿನ ಡಿಸ್ಕ್ ಬ್ರೇಕಿನ ಪೈಪ್, ವೈರಿಂಗ್ ಎಲ್ಲಾ ಉದ್ದ ಬೇಕಾಗ್ತಾವ. 80ರಾಗ ಇದು ಸೇರ್ಯಾದೋ ಇಲ್ಲೋ ಕೇಳ್ರಿ, ಆಮ್ಯಾಗ "ಇದು ಎಕ್ಸ್ಟ್ರಾ ಮೇಡಂ" ಅಂತಾರ, ನನಗ ಅಂದಾರ.

ಸೇಡಂ ರೋಡ್ ಸವಾರ:
ಅಕ್ಕಾ ಕೇಳ್ದೆ. ಎಕ್ಸ್ಟ್ರಾ ಅಂತ. 🙏

ಎರಿ ಹೊಲದಾಂವ:
ನಾ ಓದ್ತಾ ನಗ್ಲಾಕತ್ತೀನಿ. ಚಿತ್ತಾಪುರ ಕಡಿ ನಮ್ಮ ಊರಿಗಿ ಬರ್ರಿ, ಪೂರಾ ಊರೇ ಬಾಬರ್ ಅದ. ಮಳಿಗಾಲದಾಗ ಎರಿ ಮಣ್ಣು ಮಡ್‌ಗಾರ್ಡಿಗೂ ಟೈರಿಗೂ ನಡುವ ತುಂಬಿ ಗಾಲಿ ಜಾಮ್ ಆಗ್ತದ, ನೂಕಿದ್ರೂ ಹೋಗಂಗಿಲ್ಲ, ಕಟಗಿ ತಗೊಂಡು ಕೆತ್ತಬೇಕು, ಹತ್ ಮಾರು ಹೋದ್ರ ಮತ್ತ ಜಾಮ್. ಅದಕ್ಕ ತೊಗರಿ ಹೊಲಕ್ಕ ಹೋಗವರೆಲ್ಲಾ ಮುಂದಿನ ಮಡ್‌ಗಾರ್ಡ್ ಎಂದೋ ಬಿಚ್ಚಿ ಅಟ್ಟದ ಮ್ಯಾಲ ಒಗದಾರ. ನಮ್ಮಪ್ಪಂದು ಸ್ಪ್ಲೆಂಡರ್, ಮುಂದ ಮಡ್‌ಗಾರ್ಡ್ ಇಲ್ಲ, ಸೈಡ್ ಕವರ್ ಇಲ್ಲ, ಇಂಡಿಕೇಟರ್ ಮುರದು ಹೋಗ್ಯಾವ, ಸೀಟಿನ ಮ್ಯಾಲ ಗೋಣಿ ತಾಟು. 80 ಸಾವಿರ ಬಿಡ್ರಿ, 80 ರೂಪಾಯಿನೂ ಖರ್ಚಾಗಿಲ್ಲ.

ಹಳೇ ಪಿಸ್ಟನ್:
ಇದೇ! ಇದೇ ನಾ ಹೇಳ್ಲಾಕ ಒದ್ದಾಡ್ಲಾಕತ್ತಿದ್ದು. ನಿಮ್ಮಪ್ಪನ ಸ್ಪ್ಲೆಂಡರೇ ಖರೇ ಬಾಬರ್. ಮಾಡಿದ ಕಾರಣ ಅದ, ಶೋಕಿಗಿ ಅಲ್ಲ.

ಎರಿ ಹೊಲದಾಂವ:
ಅಪ್ಪಗ ಹೇಳ್ದೆ. "ಹಂಗಾದ್ರ ಯಾರರ 80 ಸಾವಿರಕ್ಕ ತಗೊಳ್ತಾರೇನ್ ಕೇಳು" ಅಂದ್ರು.

ಸೇಡಂ ರೋಡ್ ಸವಾರ:
ಸರಿ. ನಿಮ್ಮೆಲ್ಲರ ಮಾತು ಕೇಳಿ ಹಾರ್ಡ್‌ಟೇಲ್, ಏಪ್ ಹ್ಯಾಂಗರ್, ತಲಿಬುರುಡಿ ಎಲ್ಲಾ ಕ್ಯಾನ್ಸಲ್. ಒರಿಜಿನಲ್ ಮಡ್‌ಗಾರ್ಡ್ ಕತ್ತರಿಸಂಗಿಲ್ಲ, ಬಿಚ್ಚಿ ಇಡ್ತೀನಿ. ನಿನ್ನಿ ಗುಜರಿದಾಗ ಹಳೇ ಬುಲೆಟಿಂದು ಹಿಂದಿನ ಮಡ್‌ಗಾರ್ಡ್ ಸಿಕ್ತು, 600 ರೂಪಾಯಿ, ದಪ್ಪ ತಗಡು, ಗಟ್ಟಿ ಅದ. ಇದನ್ನೇ ಕತ್ತರಿಸಿ ಕೂಡಿಸ್ಬೇಕಂತ ಮಾಡೀನಿ.

ಮಿಸ್ತ್ರಿ ಮಾಮಾ:
600 ರೂಪಾಯಿ ನೀರಾಗ ಹೋಯ್ತು ಅಳ್ಯಾ. ಹಳೇ ಬುಲೆಟಿನ ಟೈರು 3.25-19, ಅಂದ್ರ ಅಗಲ 83 ಮಿಲಿಮೀಟರ್ ಸುಮಾರು. ನಿನ್ನ ಅವೆಂಜರ್ ಹಿಂದಿನ ಟೈರು 130/90-15, ಅಗಲ 130. ಟೊಪ್ಪಗಿ ಸಣ್ಣದು, ತಲಿ ದೊಡ್ಡದು. ಗೋಲಾಯಿನೂ ಕೂಡಂಗಿಲ್ಲ, 19ರ ಗಾಲಿ ಗೋಲಾಯಿ ಬ್ಯಾರೆ, 15ರದು ಬ್ಯಾರೆ, ನಡುವ ಅಂಟಿದ್ರ ತುದಿದಾಗ ಬಾಯಿ ಬಿಡ್ತದ. ಸಣ್ಣ ಟ್ರೇಲರಿನ ಮಡ್‌ಗಾರ್ಡ್ ಹುಡುಕು, ಇಲ್ಲಾ ತಗಡ್ ಬಗ್ಗಸವರ ಹತ್ರ ಹೋಗು. ಬ್ಯಾಸಗಿ ಕೂಲರ್ ಮಾಡವರು ಮಳಿಗಾಲದಾಗ ಖಾಲಿ ಕೂಡ್ತಾರ, ಅವರ ಹತ್ರ ರೋಲಿಂಗ್ ಮಶೀನ್ ಇರ್ತದ. ಆದ್ರ ಕೂಲರಿನ ತಗಡು ಹಾಕ್ಸಬ್ಯಾಡ, ಅದು ಕಾಗದ ಇದ್ದಂಗ, ಎಂಜಿನ್ ನಡುಗೋದಕ್ಕ ಎರಡ್ ತಿಂಗಳಾಗ ಬೋಲ್ಟಿನ ಕಡಿ ಸೀಳ್ತದ. 16 ಗೇಜ್ ತಗಡು ನೀನೇ ಒಯ್ದು ಕೊಡು.

ಈಗ ಮುಖ್ಯ ಮಾತು. ಮಡ್‌ಗಾರ್ಡ್ ಟೈರಿಗಿ ಅಂಟಿಕೊಂಡಂಗ ಕೂತ್ರ ನೋಡ್ಲಾಕ ಚಂದ, ಆದ್ರ ಅದು ಚೆಸ್ಸಿಗಿ ಕಟ್ಟಿದ್ರ, ಗಾಲಿ ಕುಣಿಯೋದು ಶಾಕಪ್ ಮ್ಯಾಲ. ತಗ್ಗಿಗಿ ಬಿದ್ದಾಗ ಗಾಲಿ ಮ್ಯಾಲ ಬಂದು ಮಡ್‌ಗಾರ್ಡಿಗಿ ಹೊಡಿತದ. ಅದಕ್ಕ ಏನ್ ಮಾಡ್ಬೇಕು, ಗಾಡಿ ಚೆಸ್ಸಿ ಕೆಳಗ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಎರಡೂ ಶಾಕಪ್ ಬಿಚ್ಚಿ, ಗಾಲಿ ಕೈಯಿಂದ ಮ್ಯಾಲ ಎತ್ತು, ಶಾಕಪ್ ಪೂರಾ ಕೂತಾಗ ಎಷ್ಟು ಮ್ಯಾಲ ಬರ್ತದೋ ಅಲ್ಲಿ ತನಕ. ಅಲ್ಲಿ ಮಾರ್ಕ್ ಹಾಕಿ, ಅದರ ಮ್ಯಾಲ ಜಾಗಾ ಬಿಟ್ಟು ಆಮ್ಯಾಗ ಹೋಲ್ ಹೊಡಿ. ಸ್ಪ್ರಿಂಗ್ ಸೀಟಿಗೂ ಇದೇ. ಸೀಟ್ ಕೆಳಗ ಬರ್ತದ, ಗಾಲಿ ಮ್ಯಾಲ ಬರ್ತದ, ನಡುವ ನಿನ್ನ ಮಡ್‌ಗಾರ್ಡು.

ಕೋಟಿ ಹುಡುಗ ಕೆಎ-38:
ಮಾಮಾ ಹೇಳಿದ್ದು ನೂರಕ್ಕ ನೂರು. ನಾ ಇದೇ ತಪ್ಪು ಮಾಡೀನಿ. ಒಬ್ಬನೇ ಕೂತು ನೋಡ್ದಾಗ ಬರೋಬರಿ ಇತ್ತು. ತಮ್ಮ ಹಿಂದ ಕೂತ, 50 ಕಿಲೋದ ಜೋಳದ ಚೀಲ ನಡುವ ಇತ್ತು, ಭಾಲ್ಕಿ ಕಡಿಂದ ಬರುವಾಗ ಒಂದು ತಗ್ಗು, "ಚರ್ರ್" ಅಂತು, ರಬ್ಬರ್ ಸುಟ್ಟ ವಾಸನಿ. ಇಳದು ನೋಡ್ತೀನಿ, ಮಡ್‌ಗಾರ್ಡಿನ ಬೋಲ್ಟು ಟೈರಿಗಿ ಸುತ್ತಲೂ ಗೆರಿ ಕೊರದದ. ಬೋಲ್ಟಿನ ತಲಿ ಟೈರಿನ ಕಡಿ ಇರ್ಬೇಕು, ನಟ್ ಮ್ಯಾಲ ಇರ್ಬೇಕು, ಇದು ನಾ ಉಲ್ಟಾ ಹಾಕಿದ್ದೆ. ತಲಿ ಗುಂಡಗ ಇರೋ ಬೋಲ್ಟೇ ಹಾಕ್ರಿ.

ಮಾಲ್‌ಪುರಿ ಪ್ರೇಮಿ:
ಟೈರ್ ಬಗ್ಗೆ ಕೇಳ್ತೀನಿ, ಮುಂದನೂ 130 ಹಾಕಿದ್ರ ಏನಾಗ್ತದ? ದಪ್ಪ ಕಾಣ್ತದಲ್ಲ.

ಮಿಸ್ತ್ರಿ ಮಾಮಾ:
ಫೋರ್ಕಿನ ನಡುವ ಹಿಡಿಯಂಗಿಲ್ಲ. ಹಿಡಿಸ್ಲಾಕ ಫೋರ್ಕ್, ಗಾಲಿ, ಡಿಸ್ಕ್ ಎಲ್ಲಾ ಬದಲು ಮಾಡ್ಬೇಕು. ಒರಿಜಿನಲ್ 90/90-17 ಅದ, ಭಾಳ ಅಂದ್ರ 100/90-17 ಹಾಕು, ಅದೂ ಗಾಲಿ ತಿರುಗಿಸಿ ಎಲ್ಲೂ ತಾಗಂಗಿಲ್ಲ ಅಂತ ನೋಡಿ. ಟೈರು 18 ಮಿಲಿಮೀಟರ್ ಎತ್ತರ ಆಗ್ತದ, ಮುಂದಿನ ಗಾಲಿಂದ ಓದೋ ಮೀಟರ್ ಇದ್ರ 100ಕ್ಕ 3 ಕಮ್ತಿ ತೋರಸ್ತದ. ಅಷ್ಟು ನಡೀತದ.

ಸುರಪುರ್ ಹುಡುಗ:
ಸೈಲೆನ್ಸರ್ ಯಾರೂ ಮಾತಾಡವಲ್ರಲ್ಲ. ಒಳಗಿನ ಜಾಳಗಿ ಕತ್ತರಿಸಿ ಬಿಡ್ರಿ ಸವಾರ, ಢಬ್ ಢಬ್ ಅಂತ ಬುಲೆಟ್ ಇದ್ದಂಗ ಬರ್ತದ, 300 ರೂಪಾಯಿ ಕೆಲಸ.

ಯಾದಗಿರಿ ಅಕ್ಕ:
ಬಂದ್ರಪ್ಪಾ. ರಾತ್ರಿ ಹನ್ನೊಂದಕ್ಕ ಗಲ್ಲಿದಾಗ ಕೂಸು ಎಬ್ಬಸವರು ನೀವೇ ಏನು?

ಮಿಸ್ತ್ರಿ ಮಾಮಾ:
220 ಸಿಸಿ ಗಾಡಿ ಬುಲೆಟ್ ಸದ್ದು ಮಾಡಂಗಿಲ್ಲ, ಹರಕ ತಮಟಿ ಸದ್ದು ಮಾಡ್ತದ. ಜಾಳಗಿ ತೆಗದ್ರ ಕಾರ್ಬೋರೇಟರಿನ ಲೆಕ್ಕ ತಪ್ಪತದ, ಪೆಟ್ರೋಲ್ ಕಮ್ತಿ ಗಾಳಿ ಜಾಸ್ತಿ ಆಗಿ ಹೆಡ್ ಕಾಯ್ತದ, ಎಕ್ಸಿಲೇಟರ್ ಬಿಟ್ಟಾಗ ಪಟಾಕಿ ಹೊಡದಂಗ ಆಗ್ತದ. ಅದನ್ನ ಸರಿ ಮಾಡ್ಲಾಕ ಕಾರ್ಬೋರೇಟರಿನಾಗ ಪೆಟ್ರೋಲ್ ಬಿಡೋ ಜೆಟ್ ಬದಲು ಮಾಡ್ಬೇಕು. ನಮ್ಮ ಊರಿನ ಮೇ ತಿಂಗಳ 43 ಡಿಗ್ರಿ ಬಿಸಲಾಗ ಎಂಜಿನ್ನಿಗಿ ಇನ್ನಷ್ಟು ಕಾವು ಯಾಕ ಕೊಡ್ತೀರಿ. ಆ ಬಟ್ಟಿ ಸುತ್ತೋದೂ ಅಷ್ಟೇ, ಮಳಿ ನೀರು ಕುಡದು ಕೂಡ್ತದ, ಒಳಗ ಪೈಪು ತುಕ್ಕು ಹಿಡದು ಬೆಣ್ಣಿಯಂಗ ಆಗ್ತದ, ಹೊರಗಿಂದ ಕಾಣಂಗೇ ಇಲ್ಲ.

ಕಾಯ್ದೆ ಕಾಕಾ:
ಸದ್ದಿಗಿ ಕಲಂ 190. ಮೊದಲ್ನೇ ಸಲ 10,000 ತನಕ ದಂಡ. ಸುಮ್ಮ ಹೇಳ್ದೆ.

ತಹರಿ ಪ್ಲೇಟ್:
ಕಾಕಾ ಸುಮ್ಮ ಹೇಳೋದೇ ಹತ್ ಸಾವಿರದಿಂದ ಶುರು ಆಗ್ತದ.

ಮಾಲ್‌ಪುರಿ ಪ್ರೇಮಿ:
ಒಂದು ಐಡಿಯಾ. ನಮ್ಮ ಭಾಗದ ಗಾಡಿ ಅಂತ ಗೊತ್ತಾಗ್ಬೇಕಂದ್ರ ಟ್ಯಾಂಕಿನ ಮ್ಯಾಲ ಬಿದ್ರಿ ಕೆಲಸ ಮಾಡಸ್ರಿ! ಕಪ್ಪು ಮ್ಯಾಲ ಬೆಳ್ಳಿ ಬಳ್ಳಿ, ಯಾವ ಅಮೆರಿಕಾದವನ ಹತ್ರನೂ ಇರಂಗಿಲ್ಲ.

ಕೋಟಿ ಹುಡುಗ ಕೆಎ-38:
ಬೀದರದವನಾಗಿ ಇದಕ್ಕ ಉತ್ರ ಕೊಡ್ಲೇಬೇಕು. ಬಿದ್ರಿ ಅಂದ್ರ ಪೇಂಟ್ ಅಲ್ರಿ, ಯಾವ ಲೋಹದ ಮ್ಯಾಲ ಬೇಕಾದ್ರ ಅದರ ಮ್ಯಾಲ ಮಾಡ್ಲಾಕ. ಸತು ಜಾಸ್ತಿ, ತಾಮ್ರ ಒಂದೀಟು ಹಾಕಿ ಎರಕ ಹೊಯ್ತಾರ, ಉಳಿ ಹಿಡದು ಗೆರಿ ಕೆತ್ತತಾರ, ಆ ಗೆರಿದಾಗ ಬೆಳ್ಳಿ ತಂತಿ ಬಡದು ಕೂಡಸ್ತಾರ. ಕಡಿಗಿ ಬೀದರ ಕೋಟಿ ಒಳಗಿನ ಹಳೇ ಮಣ್ಣು ನವಸಾಗರದ ಜೊತಿ ನೀರಾಗ ಕಲಸಿ ಹಚ್ಚಿದ್ರ ಸತು ಕರ್ರಗ ಆಗ್ತದ, ಬೆಳ್ಳಿ ಬೆಳ್ಳಗೇ ಉಳಿತದ. ಕಬ್ಬಿಣದ ಟ್ಯಾಂಕಿಗಿ ಇದು ಆಗಂಗಿಲ್ಲ. ಆದ್ರ ಸಣ್ಣ ಬಿಲ್ಲಿ, ಅಂಗೈ ಅಗಲದ್ದು, ಮಾಡಿಸಿ ಸೈಡ್ ಕವರಿಗಿ ಎರಡು ಸ್ಕ್ರೂ ಹಾಕಿ ಕೂಡಸ್ಬಹುದು. ಸೈಲೆನ್ಸರ್ ಹತ್ರ ಮಾತ್ರ ಬ್ಯಾಡ, ಸತು 420 ಡಿಗ್ರಿಗೇ ಕರಗ್ತದ. ಮತ್ತ ಬಿಸಲು ಮಳಿದಾಗ ಕಪ್ಪು ಮಾಸ್ತದ, ಆಗಾಗ ಕೊಬ್ಬರಿ ಎಣ್ಣಿ ಒರಸ್ಬೇಕು.

ಹಳೇ ಪಿಸ್ಟನ್:
ಮತ್ತ ಹಾಕ್ಲಾಕ ಶುರು ಮಾಡಿದ್ರು ನೋಡ್ರಿ.

ಮಾಲ್‌ಪುರಿ ಪ್ರೇಮಿ:
ಪಿಸ್ಟನ್ ಅಣ್ಣಾ, ಒಂದು ಬಿಲ್ಲಿ ಹಾಕಿದ್ರ ನಿಮ್ಮ ಬಾಬರ್ ಮುಣುಗಿ ಹೋಗ್ತದೇನು?

ಹಳೇ ಪಿಸ್ಟನ್:
ಬಿಲ್ಲಿಗಿ ಮಾಫಿ. ಬೀದರದ ಬಿಲ್ಲಿ ಅಂತ.

ಎರಿ ಹೊಲದಾಂವ:
ಗಾಡಿ ರೆಡಿ ಆದ ಮ್ಯಾಲ ಎಲ್ಲರೂ ಸೇರಿ ಹೋಗೂನು, ಕಮಲಾಪುರದಾಗ ನಿಂತು ಕೆಂಪು ಬಾಳಿಹಣ್ಣು ತಿಂದು, ಚಿಂಚೋಳಿ ಕಡಿ ಚಂದ್ರಂಪಳ್ಳಿ ಡ್ಯಾಮಿಗಿ. ಮಳಿಗಾಲದಾಗ ಆ ಕಾಡು ಇದು ನಮ್ಮ ಕಲಬುರ್ಗಿ ಜಿಲ್ಲಾನೇ ಅಂತ ನಂಬಂಗಿಲ್ಲ. ಅಪ್ಪನ ಬಾಬರ್ ತರ್ತೀನಿ, ಗೋಣಿ ತಾಟು ಸಮೇತ.

ಜಯನಗರ ಜಾವಾ:
ನಾನೂ ಬರ್ತೀನಿ, ಊಟಕ್ಕೆ ಎಣ್ಣೆಗಾಯಿ ರೊಟ್ಟಿ ಇರ್ಬೇಕು ಅಷ್ಟೇ.

ತಹರಿ ಪ್ಲೇಟ್:
ಕಂತು ಕಟ್ಟಿ ಬರ್ರಿ ಮೊದಲು.

ಸೇಡಂ ರೋಡ್ ಸವಾರ:
ಎಲ್‌ಇಡಿ ಇಂಡಿಕೇಟರ್ ಹಾಕ್ದೆ, ಸಣ್ಣ ಬುಲೆಟ್ ಆಕಾರದ್ದು. ಹುಚ್ಚರಂಗ ಜಲ್ದಿ ಜಲ್ದಿ ಮಿಣುಕ್ತಾವ, ಯಾಕ?

ಮಿಸ್ತ್ರಿ ಮಾಮಾ:
ಹಳೇ ಬಲ್ಬು 10 ವ್ಯಾಟ್ ಎಳೀತಿತ್ತು, ಎಲ್‌ಇಡಿ ಒಂದೆರಡು ವ್ಯಾಟ್. ಇಂಡಿಕೇಟರ್ ಮಿಣುಕಸೋ ಫ್ಲ್ಯಾಶರ್, ಬಲ್ಬ್ ಸುಟ್ಟದ ಅಂತ ತಿಳ್ಕೊಂಡದ. ಎಲ್‌ಇಡಿದು ಫ್ಲ್ಯಾಶರ್ ಸಿಗ್ತದ, ಅದು ಹಾಕು, ನೂರಿನ್ನೂರು ರೂಪಾಯಿ. ನಂಬರ್ ಪ್ಲೇಟ್ ಎಲ್ಲಿಟ್ಟಿ?

ಸೇಡಂ ರೋಡ್ ಸವಾರ:
ಸೈಡಿಗಿ ಹಾಕ್ಬೇಕಂತಿದ್ದೆ, ಎಚ್‌ಎಸ್‌ಆರ್‌ಪಿ ಪ್ಲೇಟ್ ಬಗ್ಗಸ್ಲಾಕ ಕತ್ತರಿಸ್ಲಾಕ ಬರಂಗಿಲ್ಲ, ಮತ್ತ ಕಾಯ್ದೆ ಕಾಕಾ ಕಣ್ಮುಂದ ಬಂದ್ರು. ಮಡ್‌ಗಾರ್ಡಿನ ತುದಿಗೇ ನಟ್ಟಗ ಇಟ್ಟೀನಿ.

ಸೇಡಂ ರೋಡ್ ಸವಾರ:
ಎರಡ್ ತಿಂಗಳಾಯ್ತು ಬಂದು, ಅಪ್ಡೇಟ್ ಕೊಡ್ತೀನಿ. ಗಾಡಿ ಆಯ್ತು. ಕೂಲರ್ ಮಾಡವರೇ ಮಡ್‌ಗಾರ್ಡ್ ಬಗ್ಗಿಸಿ ಕೊಟ್ರು, ತಗಡು ಸೇರಿ 1,900. ಸ್ಪ್ರಿಂಗ್ ಸೀಟು ಹೈದ್ರಾಬಾದಿನಿಂದ ತರಿಸಿದ್ದು 3,200. ತಗ್ಗಿನ ಹ್ಯಾಂಡಲ್ 1,300, ಕೇಬಲ್ ಹಳೇವೇ ಸಾಕಾದ್ವು. ಬಣ್ಣ ಆರ್‌ಸಿದಾಗ ಇದ್ದ ಕಪ್ಪೇ, ಹೊಳಪಿಂದು, ಮ್ಯಾಟ್ ಹಾಕಿಸಿಲ್ಲ, ಯಾಕಂದ್ರ ಸೇಡಂ ರೋಡಿನಾಗ ಸಿಮೆಂಟ್ ಲಾರಿ ಧೂಳು ಕೂತ್ರ ಮ್ಯಾಟ್ ಒರಸಿದಷ್ಟು ಕಲೆ ಬೀಳ್ತದಂತ ಪೇಂಟರೇ ಹೇಳಿದ್ರು. ಎಲ್ಲಾ ಸೇರಿ 15 ಸಾವಿರದ ಒಳಗ. ಚೆಸ್ಸಿಗಿ ಒಂದು ಹೋಲನೂ ಹೊಡದಿಲ್ಲ, ಇದ್ದ ಬೋಲ್ಟಿನ ಜಾಗಾಕ್ಕೇ ಪಟ್ಟಿ ಕಟ್ಟೀವಿ. ಸೀರಿ ಗಾರ್ಡ್ ಹಂಗೇ ಅದ ಅಕ್ಕಾ. ಅವ್ವ ಕೂಡೋದಿದ್ರ ಸ್ಪ್ರಿಂಗ್ ಸೀಟ್ ಬಿಚ್ಚಿ ಹಳೇ ಉದ್ದ ಸೀಟ್ ಹಾಕ್ತೀನಿ, ನಾಕ್ ಬೋಲ್ಟ್, ಹತ್ ನಿಮಿಷ. ಹಳೇದಕ್ಕ ಹೊಸ ರೆಕ್ಸಿನ್ ಹೊಲಸೀನಿ. ಬೆಕ್ಕಿನ ಕಣ್ಣು ಈಗ ಅದರ ಮ್ಯಾಲ ಅದ.

ಈಗ ಎರಿ ಹೊಲದಣ್ಣನ ಹತ್ರ ಒಂದು ಒಪ್ಕೊಬೇಕು. ಮಾಮಾ ಹೇಳ್ದಂಗ ಶಾಕಪ್ ಬಿಚ್ಚಿ ಅಳತಿ ಹಿಡದೇ ಕೂಡಿಸಿದ್ವಿ, ತಗ್ಗಿಗಿ ಬಿದ್ರೂ ತಾಗಂಗಿಲ್ಲ. ಆದ್ರ ಎರಡೂ ಬದಿಗಿ ಜಾಗಾ ಕಮ್ತಿ ಬಿಟ್ಟಿದ್ದೆ, ಬಿಗಿ ಕಾಣ್ಲಿ ಅಂತ. ಹ್ವಾದ ವಾರ ಮಳಿ ಬಂದ ಮರುದಿನ ಹೊಲದ ಹಾದಿ ಹಿಡದೆ, ಇಪ್ಪತ್ ಮಾರು ಹೋಗಿಲ್ಲ, ಗಾಲಿ ಜಾಮ್. ಎಳದ್ರ ಬರಂಗಿಲ್ಲ, ನೂಕಿದ್ರ ಹೋಗಂಗಿಲ್ಲ. ಒಬ್ಬರು ಹಿರಿಯರು ಎತ್ತು ಹೊಡ್ಕೊಂಡು ಬಂದ್ರು, ಬಾರಕೋಲಿನ ಹಿಡಿಕಿಂದ ಮಣ್ಣು ಕೆತ್ತಿ ಕೊಟ್ಟು, "ಈ ತಗಡು ಯಾಕ ಇಟ್ಟೀಯೋ, ತೆಗಿ" ಅಂದ್ರು.

ಎರಿ ಹೊಲದಾಂವ:
😂😂😂 ಆ ಹಿರಿಯರು ಪಿಸ್ಟನ್ ಅಣ್ಣನ ಬಂಧು ಇರ್ಬೇಕು.

ಮಿಸ್ತ್ರಿ ಮಾಮಾ:
ವಾಷರ್ ಕೊಟ್ಟು ಬದಿಗಿ ಒಂದ್ ಬಟ್ಟು ಅಗಲ ಮಾಡು, ಮ್ಯಾಲ ಎರಡ್ ಬಟ್ಟು ಎತ್ತು. ಚಂದ ಒಂದೀಟು ಕಮ್ತಿ ಆಗ್ತದ.

ಸೇಡಂ ರೋಡ್ ಸವಾರ:
ಎತ್ತೀನಿ ಮಾಮಾ. ಈಗ ಅಪ್ಪನೇ ಹೊಲಕ್ಕ ಒಯ್ಲಾಕತ್ತಾರ, ನನಗ ಸಿಗವಲ್ದು.

ಸುರಪುರ್ ಹುಡುಗ:
ಸವಾರ, ಆ ಹಳೇ ಬ್ಯಾಕ್‌ರೆಸ್ಟ್ ಬಿದ್ದಿದ್ರ ನನಗ ಕೊಡ್ರಿ, ರೊಕ್ಕ ಕೊಡ್ತೀನಿ. ಮನ್ಯಾಗ ಲಗ್ನ ಮಾಡ್ಲಾಕತ್ತಾರ.

ಕಾಯ್ದೆ ಕಾಕಾ:
ಕೊಡಬ್ಯಾಡ್ರಿ. 2027.

ಸೇಡಂ ರೋಡ್ ಸವಾರ:
ಕೊಡಂಗಿಲ್ಲ ದೋಸ್ತ, ಕಾಕಾ ಬೈತಾರ, ಎರಡೂ ಕಾಕಾ. ನಿನ್ನಿ ಒರಸಿ ಇಡುವಾಗ ನೋಡ್ದೆ, ಅದು ಅಲ್ಲಾಡ್ತಿದ್ದಿದ್ದು ಒಂದು ನಟ್ ಬಿದ್ದು ಹೋಗಿತ್ತು ಅಂತ, ಅಷ್ಟೇ. 10 ನಂಬರಿಂದು. ಮನ್ಯಾಗೇ ಇತ್ತು.